ಮೋಡದ ತಳದ ಎತ್ತರವನ್ನು ಊರಿನಲ್ಲಿಯೇ ಅಳೆಯುವ ಕ್ರಮ

ಪೀಠಿಕೆ

ವ್ಯವಸಾಯದಲ್ಲಿ ಆಕಾಶವನ್ನು ನೋಡದೆ ಮಾಡತಕ್ಕ ಕೆಲಸಗಳು ಬಹಳ ಕಡಮೆ. ಬಿತ್ತನೆ, ಕಳೆ ತೆಗೆಯುವುದು, ಔಷಧದ ಸಿಂಪಡಿಕೆ, ಕುಯ್ಲು, ಒಕ್ಕಣೆ ಇವುಗಳಲ್ಲಿ ಪ್ರತಿಯೊಂದಕ್ಕೂ ಮುಂಚೆ ರೈತನು ತಲೆಯೆತ್ತಿ ಮೋಡವನ್ನು ನೋಡಿಯೇ ನೋಡುವನು. ನೋಡಿದ ಮೇಲೆ ಅವನು ಆಡುವ ಮಾತು ಸಾಧಾರಣವಾಗಿ ಎರಡೇ: “ಮೋಡ ತಗ್ಗಿಗೆ ಇಳಿದಿದೆ, ಮಳೆ ಬರುವುದು” ಎಂಬುದೊಂದು, “ಮೋಡ ಮೇಲಿದೆ, ಹಾರಿಹೋಗುವುದು” ಎಂಬುದು ಮತ್ತೊಂದು. ಈ ಮಾತನ್ನು ನಂಬಿ ಕುಯ್ದ ರಾಗಿಯನ್ನು ಅವಸರದಿಂದ ಮೆದೆ ಹಾಕಿ, ಒಳಗೆ ಹಸಿ ಉಳಿದು ಬೂಷ್ಟು ಹಿಡಿಸಿಕೊಂಡವರುಂಟು. ಅದೇ ಮಾತನ್ನು ನಂಬಿ ಹೊಲದಲ್ಲಿಯೇ ಬಿಟ್ಟು, ನೆನೆದು ಮೊಳಕೆಯೊಡೆದ ತೆನೆಗಳನ್ನು ಮನೆಗೆ ತಂದವರೂ ಉಂಟು.

ಮೋಡವು ತಗ್ಗಿನಲ್ಲಿದೆಯೋ ಮೇಲಿದೆಯೋ ಎಂಬುದು ಊಹೆಯ ಮಾತಾಗಿರಬೇಕಾದ್ದಿಲ್ಲ. ಹೊಲವನ್ನು ಸರಪಳಿ ಹಿಡಿದು ಅಳೆಯುವಂತೆ ಮೋಡದ ತಳದ ಎತ್ತರವನ್ನೂ ಅಳೆಯಬಹುದು. ಹಿಂದೆ ಇದಕ್ಕೆ ಬೆಲೆಬಾಳುವ ಯಂತ್ರಗಳು ಬೇಕಾಗಿದ್ದುವು. ಈಗ ಅನೇಕ ಮನೆಗಳಲ್ಲಿರುವ ಮೊಬೈಲ್ ಫೋನು, ಅಂಗಡಿಯಲ್ಲಿ ದೊರೆಯುವ ಉಷ್ಣ ಮತ್ತು ತೇವವನ್ನು ತೋರಿಸುವ ಸಣ್ಣ ಮಾಪಕ, ಒಂದು ಅಳತೆಯ ಪಟ್ಟಿ, ಒಂದು ಹಾಳೆ ಇಷ್ಟಿದ್ದರೆ ಸಾಕು. ಆ ಕ್ರಮಗಳನ್ನೂ, ಅವುಗಳಿಂದ ಬರುವ ಪ್ರಯೋಜನವನ್ನೂ, ಅವುಗಳ ಮಿತಿಯನ್ನೂ ಇಲ್ಲಿ ವಿವರಿಸಿದೆ.

ಕಣ್ಣಿನ ಅಂದಾಜು ಏಕೆ ತಪ್ಪುವುದು

ಒಂದು ಮರದ ದೂರವನ್ನು ಕಣ್ಣು ಸರಿಯಾಗಿ ಅಂದಾಜು ಮಾಡಬಲ್ಲುದು. ಏಕೆಂದರೆ ಮರದ ಗಾತ್ರವು ಮೊದಲೇ ತಿಳಿದಿರುತ್ತದೆ. ಮೋಡಕ್ಕೆ ಗೊತ್ತಾದ ಗಾತ್ರವಿಲ್ಲ. ಸಣ್ಣ ಮೋಡವು ತಗ್ಗಿನಲ್ಲಿದ್ದರೂ, ದೊಡ್ಡ ಮೋಡವು ಬಹು ಮೇಲಿದ್ದರೂ ಕಣ್ಣಿಗೆ ಒಂದೇ ಸಮನಾಗಿ ಕಾಣಬಹುದು.

ಇದಕ್ಕಿಂತ ಹೆಚ್ಚಿನ ತಪ್ಪು ಬಣ್ಣದಿಂದ ಉಂಟಾಗುವುದು. ಕಪ್ಪಾದ ಮೋಡವು ತಲೆಯ ಮೇಲೆಯೇ ಇಳಿದಂತೆ ತೋರುವುದು. ವಾಸ್ತವವಾಗಿ ಮೋಡದ ತಳವು ಕಪ್ಪಾಗಿ ಕಾಣುವುದಕ್ಕೆ ಕಾರಣ ಅದರ ದಪ್ಪವೇ ಹೊರತು ತಗ್ಗಲ್ಲ. ಮೋಡವು ಮೇಲಕ್ಕೆ ದಪ್ಪವಾಗಿ ಬೆಳೆದಷ್ಟೂ ಸೂರ್ಯನ ಬೆಳಕು ಕೆಳಕ್ಕೆ ಇಳಿಯುವುದು ಕಡಮೆಯಾಗಿ ತಳವು ಕಪ್ಪಾಗುವುದು. ಬೇಸಗೆಯಲ್ಲಿ ಕಾಡಿಗೆಯಂತಿರುವ ಮೋಡದ ತಳವು 2,000 ಮೀಟರಿಗಿಂತ ಮೇಲಿರಬಹುದು. ಮಳೆಗಾಲದಲ್ಲಿ ಬೂದಿಯ ಬಣ್ಣದ ತೆಳು ಮೋಡವು 300 ಮೀಟರಿನಲ್ಲಿಯೇ ಇರಬಹುದು. ಆದಕಾರಣ ಕಪ್ಪು ಬಣ್ಣವು ಒಂದು ಸಂಗತಿಯನ್ನು ತಿಳಿಸುವುದು, ಎತ್ತರವು ಮತ್ತೊಂದನ್ನು ತಿಳಿಸುವುದು. ಎರಡನ್ನೂ ಬೇರೆ ಬೇರೆಯಾಗಿ ನೋಡತಕ್ಕದ್ದು.

ಮೋಡದ ತಳವು ಹೇಗೆ ಏರ್ಪಡುವುದು

ತಂಬಿಗೆಯಲ್ಲಿ ತಣ್ಣೀರನ್ನು ತುಂಬಿಟ್ಟರೆ ಹೊರಗಡೆ ನೀರಿನ ಹನಿಗಳು ಕೂಡುವುದನ್ನು ಎಲ್ಲರೂ ಕಂಡಿರುವರು. ಹವೆಯಲ್ಲಿ ಕಣ್ಣಿಗೆ ಕಾಣದೆ ಇರುವ ನೀರಿನ ಆವಿಯು ಒಂದು ಮಟ್ಟದವರೆಗೆ ತಂಪಾದ ಕೂಡಲೆ ಹನಿಯಾಗುವುದು. ಆ ಮಟ್ಟದ ಉಷ್ಣತೆಗೆ ಇಬ್ಬನಿ ಬಿಂದುವೆಂದು ಹೆಸರು. ಹವೆಯಲ್ಲಿ ತೇವವು ಹೆಚ್ಚಾಗಿದ್ದರೆ ಸ್ವಲ್ಪ ತಂಪಾದರೂ ಹನಿಯಾಗುವುದು. ಕಡಮೆಯಾಗಿದ್ದರೆ ಬಹಳ ತಂಪಾಗಬೇಕು.

ಬಿಸಿಲಿನಿಂದ ಕಾದ ನೆಲದ ಮೇಲಿನ ಹವೆಯು ಮೇಲಕ್ಕೆ ಏಳುವುದು. ಹಾಗೆ ಏಳುವಾಗ ಅದು ಹಿಗ್ಗಿ, ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಸೆಂಟಿಗ್ರೇಡಿನಂತೆ ತಂಪಾಗುವುದು. ಇಬ್ಬನಿ ಬಿಂದುವೂ ಅದರ ಜೊತೆಯಲ್ಲಿಯೇ ಪ್ರತಿ 100 ಮೀಟರಿಗೆ ಸುಮಾರು 0.2 ಡಿಗ್ರಿ ಇಳಿಯುವುದು. ಹೀಗೆ ಎರಡರ ನಡುವಣ ಅಂತರವು 100 ಮೀಟರಿಗೆ 0.8 ಡಿಗ್ರಿಯಂತೆ ಕಡಮೆಯಾಗುತ್ತಾ ಬಂದು, ಅಂತರವು ಮುಗಿದ ಎತ್ತರದಲ್ಲಿ ಆವಿಯು ಹನಿಯಾಗಿ ಮೋಡವು ಪ್ರಾರಂಭವಾಗುವುದು. ಗುಡ್ಡೆ ಮೋಡಗಳ ತಳವು ಮಟ್ಟಗೋಲು ಹಿಡಿದು ಸವರಿದಂತೆ ಸಮನಾಗಿರುವುದಕ್ಕೆ ಇದೇ ಕಾರಣ. ಲೆಕ್ಕಕ್ಕೆ ಬೇಕಾದ ಸೂತ್ರವು ಇದರಿಂದಲೇ ಸಿಕ್ಕುವುದು: ನೆಲದ ಮೇಲಿನ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರದ ಒಂದೊಂದು ಡಿಗ್ರಿಗೆ 125 ಮೀಟರು, ಎಂದರೆ ಸುಮಾರು 410 ಅಡಿ. ಅಮೆರಿಕದ ಜೇಮ್ಸ್ ಎಸ್ಪಿ ಎಂಬ ವಿದ್ವಾಂಸರು 19ನೆಯ ಶತಮಾನದ ಮೊದಲ ಅರ್ಧದಲ್ಲಿ ಮೇಲೇಳುವ ಹವೆಯನ್ನು ಕುರಿತು ಮಾಡಿದ ವಿಚಾರವೇ ಈ ಸೂತ್ರಕ್ಕೆ ಮೂಲವಾದುದರಿಂದ ಇದಕ್ಕೆ ಅವರ ಹೆಸರೇ ರೂಢಿಯಲ್ಲಿದೆ.

ಮೊದಲನೆಯ ಕ್ರಮ: ತೇವದ ಮಾಪಕದಿಂದ

ಉಷ್ಣತೆಯನ್ನೂ, ಹವೆಯ ತೇವವನ್ನು ಶೇಕಡಾ ಲೆಕ್ಕದಲ್ಲಿಯೂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ಮಾಪಕಗಳು ಅಂಗಡಿಗಳಲ್ಲಿ ದೊರೆಯುವುವು. ಮಾಪಕವನ್ನು ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕತಕ್ಕದ್ದು. ಬಿಸಿಲು ಬಿದ್ದ ಗೋಡೆ, ತಗಡಿನ ಚಾವಣಿ, ದನದ ಕೊಟ್ಟಿಗೆ, ನೀರು ಹಾಯಿಸಿದ ಗದ್ದೆ ಇವುಗಳ ಪಕ್ಕದಲ್ಲಿ ಇಡಕೂಡದು. ಕಾಲು ಗಂಟೆ ಬಿಟ್ಟು ಅಂಕಿಗಳನ್ನು ನೋಡಿದರೆ ಮೋಡದ ತಳದ ಎತ್ತರವು ಕೆಳಗಿನ ಪಟ್ಟಿಯಿಂದ ತಿಳಿಯುವುದು. ಪಟ್ಟಿಯನ್ನು 28 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿದೆ. ಎರಡು ಮೂರು ಡಿಗ್ರಿ ಹೆಚ್ಚು ಕಡಮೆಯಾದರೂ ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ತೇವ ಶೇಕಡಾ 90 — ನೆಲದಿಂದ ಸುಮಾರು 225 ಮೀಟರು
ತೇವ ಶೇಕಡಾ 80 — ಸುಮಾರು 470 ಮೀಟರು
ತೇವ ಶೇಕಡಾ 70 — ಸುಮಾರು 750 ಮೀಟರು
ತೇವ ಶೇಕಡಾ 60 — ಸುಮಾರು 1,060 ಮೀಟರು
ತೇವ ಶೇಕಡಾ 50 — ಸುಮಾರು 1,420 ಮೀಟರು
ತೇವ ಶೇಕಡಾ 40 — ಸುಮಾರು 1,850 ಮೀಟರು

ಅಗ್ಗದ ಮಾಪಕಗಳಲ್ಲಿ ತೇವದ ಅಂಕಿಯು ಶೇಕಡಾ 5ರಷ್ಟು ತಪ್ಪಿರುವುದು ಸಾಮಾನ್ಯ. ಅಷ್ಟು ತಪ್ಪಿಗೆ ಎತ್ತರದಲ್ಲಿ ಸುಮಾರು 150 ಮೀಟರು ವ್ಯತ್ಯಾಸ ಬರುವುದು. ಆದುದರಿಂದ ಉಪಯೋಗಿಸುವುದಕ್ಕೆ ಮುಂಚೆ ಮಾಪಕವನ್ನು ಪರೀಕ್ಷಿಸುವುದು ಅವಶ್ಯಕ. ಒಂದು ಸಣ್ಣ ಮುಚ್ಚಳದಲ್ಲಿ ಅಡಿಗೆಯ ಉಪ್ಪನ್ನು ಹಾಕಿ, ಉಪ್ಪು ಕರಗಿಹೋಗದೆ ಒದ್ದೆಯಾಗುವಷ್ಟು ಮಾತ್ರ ನೀರನ್ನು ತಳಿಸಬೇಕು. ಅದನ್ನೂ ಮಾಪಕವನ್ನೂ ಒಂದಕ್ಕೊಂದು ಸೋಕದಂತೆ, ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯೆಲ್ಲಾ ಬಿಡಬೇಕು. ಅಂಥಾ ಡಬ್ಬಿಯೊಳಗೆ ತೇವವು ಶೇಕಡಾ 75ಕ್ಕೆ ಬಂದು ನಿಲ್ಲುವುದು. ಬೆಳಗ್ಗೆ ಮಾಪಕವು 71 ಎಂದು ತೋರಿಸಿದರೆ, ಅದು 4 ಕಡಮೆ ತೋರಿಸುವುದೆಂದು ತಿಳಿದು ಮುಂದಿನ ಅಂಕಿಗಳಿಗೆಲ್ಲಾ 4ನ್ನು ಕೂಡಿಸಿಕೊಳ್ಳತಕ್ಕದ್ದು.

ತೇವದ ಮಾಪಕವಿಲ್ಲದವರು ಇಬ್ಬನಿ ಬಿಂದುವನ್ನು ನೇರವಾಗಿಯೇ ನೋಡಬಹುದು. ಹೊಳಪಾದ ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ನೀರು ಹಾಕಿ, ಅದರಲ್ಲಿ ಉಷ್ಣಮಾಪಕವನ್ನಿಟ್ಟು, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕುತ್ತಾ ಕಲಕಬೇಕು. ಲೋಟದ ಹೊರಮೈಯ ಹೊಳಪು ಮೊದಲು ಮಸಕಾದ ಕ್ಷಣದಲ್ಲಿ ನೀರಿನ ಉಷ್ಣತೆಯು ಎಷ್ಟಿರುವುದೋ ಅದೇ ಇಬ್ಬನಿ ಬಿಂದು. ನೋಡುವವರ ಉಸಿರು ಲೋಟಕ್ಕೆ ತಗಲಬಾರದು. ಉದಾಹರಣೆಗೆ ಹೊರಗಿನ ಹವೆಯು 29 ಡಿಗ್ರಿಯೂ, ಲೋಟವು ಮಸಕಾದಾಗ ನೀರು 21 ಡಿಗ್ರಿಯೂ ಇದ್ದರೆ ಅಂತರವು 8 ಡಿಗ್ರಿ. ಮೋಡದ ತಳವು 8 × 125, ಎಂದರೆ 1,000 ಮೀಟರು.

ಈ ಕ್ರಮವು ಬಿಸಿಲಿನ ಹೊತ್ತಿನಲ್ಲಿ, ಊರಿನ ನೆಲದಿಂದಲೇ ಎದ್ದ ಹವೆಯಿಂದ ಕಟ್ಟಿದ ಗುಡ್ಡೆ ಮೋಡಗಳಿಗೆ ಮಾತ್ರ ಸಲ್ಲುವುದು. ಮಧ್ಯಾಹ್ನ 12 ಗಂಟೆಯಿಂದ 4 ಗಂಟೆಯವರೆಗೆ ಉತ್ತಮ. ಬೆಳಗಿನ ಜಾವದಲ್ಲಿ, ಮಳೆ ಸುರಿಯುತ್ತಿರುವಾಗ, ಅಥವಾ ಆಕಾಶವೆಲ್ಲಾ ಚಾಪೆ ಹಾಸಿದಂತೆ ದೂರದಿಂದ ಬಂದ ಪದರ ಮೋಡವಿರುವಾಗ ಈ ಲೆಕ್ಕವನ್ನು ನಂಬಕೂಡದು. ಅಂಥಾ ಕಾಲಕ್ಕೆ ಮುಂದಿನ ಕ್ರಮಗಳು ಬೇಕು.

ಎರಡನೆಯ ಕ್ರಮ: ಕೆರೆಯ ಏರಿಯ ಮೇಲೆ ಇಬ್ಬರು ನಿಂತು

ಇದು ಲೆಕ್ಕದಿಂದ ಊಹಿಸುವ ಕ್ರಮವಲ್ಲ, ಅಳೆಯುವ ಕ್ರಮ. ಸ್ವೀಡನ್ ದೇಶದ ಉಪ್ಸಾಲ ನಗರದಲ್ಲಿ 1884-85ರಲ್ಲಿ ಎಕ್‌ಹೋಮ್ ಮತ್ತು ಹಾಗ್‌ಸ್ಟ್ರಾಮ್ ಎಂಬ ಇಬ್ಬರು ವಿದ್ವಾಂಸರು ದೂರ ದೂರದಲ್ಲಿ ಎರಡು ಥಿಯೊಡೊಲೈಟುಗಳನ್ನಿಟ್ಟು, ನಡುವೆ ಟೆಲಿಫೋನಿನ ತಂತಿಯನ್ನೆಳೆದು, ಮಾತನಾಡುತ್ತಾ ಒಂದೇ ಮೋಡದ ಒಂದೇ ಗುರುತನ್ನು ಒಂದೇ ಕ್ಷಣದಲ್ಲಿ ನೋಡಿ ಎತ್ತರವನ್ನು ಅಳೆದರು. ಅಲ್ಲಿನ ಟೆಲಿಫೋನು ಮತ್ತು ಥಿಯೊಡೊಲೈಟು ಎರಡರ ಕೆಲಸವನ್ನೂ ಈಗ ಒಂದು ಮೊಬೈಲ್ ಫೋನು ತಕ್ಕಮಟ್ಟಿಗೆ ಮಾಡಬಲ್ಲುದು.

ನೇರವಾಗಿಯೂ ಮಟ್ಟವಾಗಿಯೂ ಇರುವ ಕೆರೆಯ ಏರಿಯನ್ನೋ ರಸ್ತೆಯನ್ನೋ ಆರಿಸಿಕೊಂಡು, ಅದರ ಮೇಲೆ 500 ಮೀಟರು ದೂರದಲ್ಲಿ ಎರಡು ಗೂಟಗಳನ್ನು ನೆಡಬೇಕು. ಒಂದೊಂದು ಗೂಟದ ಬಳಿ ಒಬ್ಬೊಬ್ಬರು ಫೋನು ಹಿಡಿದು ನಿಲ್ಲುವುದು. ಏರಿಯ ನೇರದಲ್ಲಿ ಎದುರಿಗೆ ಕಾಣುವ ಒಂದು ಮೋಡವನ್ನು ಗೊತ್ತುಮಾಡಿ, ಅದರ ತಳದ ಒಂದು ಮೂಲೆಯನ್ನು ಗುರುತಾಗಿಟ್ಟುಕೊಳ್ಳಬೇಕು. ಫೋನಿನಲ್ಲಿರುವ ಮಟ್ಟ ನೋಡುವ ಸಾಧನವನ್ನು ತೆರೆದು, ಫೋನಿನ ಅಂಚಿನ ನೇರಕ್ಕೆ ಆ ಗುರುತನ್ನು ನೋಡಿದರೆ ಅದು ನೆಲಮಟ್ಟದಿಂದ ಎಷ್ಟು ಡಿಗ್ರಿ ಮೇಲಿದೆ ಎಂಬುದು ತಿಳಿಯುವುದು. ಒಬ್ಬರು “ಈಗ” ಎಂದ ಕ್ಷಣದಲ್ಲಿ ಇಬ್ಬರೂ ಅಂಕಿಯನ್ನು ಹಿಡಿದುಕೊಂಡು, ಕೂಡಲೆ ಮೋಡದ ಚಿತ್ರವನ್ನೂ ತೆಗೆದಿಡುವುದು. ಇಬ್ಬರೂ ನೋಡಿದ್ದು ಒಂದೇ ಗುರುತೇ ಎಂಬುದನ್ನು ತರುವಾಯ ಚಿತ್ರಗಳನ್ನು ಹೋಲಿಸಿ ನಿಶ್ಚಯಿಸಬಹುದು.

ಎತ್ತರವನ್ನು ತಿಳಿಯುವುದಕ್ಕೆ ಗಣಿತಶಾಸ್ತ್ರದ ಅವಶ್ಯಕತೆಯಿಲ್ಲ. ಚೌಕುಳಿ ಹಾಳೆಯ ಮೇಲೆ 100 ಮೀಟರಿಗೆ 1 ಸೆಂಟಿಮೀಟರಿನಂತೆ ಅಡ್ಡಗೆರೆಯನ್ನೆಳೆದು, 5 ಸೆಂಟಿಮೀಟರು ದೂರದಲ್ಲಿ ಎರಡು ಗೂಟಗಳ ಚುಕ್ಕೆಯಿಟ್ಟು, ಒಂದೊಂದು ಚುಕ್ಕೆಯಿಂದ ಆಯಾ ಕೋನಕ್ಕೆ ಗೆರೆಯನ್ನು ಎಳೆದರೆ ಅವು ಕೂಡುವ ಸ್ಥಳವೇ ಮೋಡ. ಅಲ್ಲಿಂದ ಅಡ್ಡಗೆರೆಗೆ ಇರುವ ಎತ್ತರವನ್ನು ಅಳೆದರೆ ಆಯಿತು. ಉದಾಹರಣೆಗೆ ಹತ್ತಿರದವರ ಕೋನವು 45 ಡಿಗ್ರಿಯೂ, ದೂರದವರ ಕೋನವು 33.7 ಡಿಗ್ರಿಯೂ ಆದರೆ ಗೆರೆಗಳು 10 ಸೆಂಟಿಮೀಟರು ಮೇಲೆ ಕೂಡುವುವು. ಎತ್ತರವು 1,000 ಮೀಟರು.

ಈ ಕೆಲಸದಲ್ಲಿ ಮೂರು ಎಚ್ಚರಿಕೆಗಳು ಮುಖ್ಯ. ಮೊದಲನೆಯದು, ಗೂಟಗಳ ದೂರ. ಮೇಲಿನ ಉದಾಹರಣೆಯಲ್ಲಿ ದೂರದವರ ಕೋನವು 1 ಡಿಗ್ರಿ ತಪ್ಪಿದರೆ ಎತ್ತರವು 100ರಿಂದ 125 ಮೀಟರಿನಷ್ಟು ತಪ್ಪುವುದು. ಇದು ಸಹಿಸತಕ್ಕ ತಪ್ಪು. ಗೂಟಗಳ ದೂರವು 100 ಮೀಟರು ಮಾತ್ರವಿದ್ದರೆ ಅದೇ 1 ಡಿಗ್ರಿಯ ತಪ್ಪಿನಿಂದ 1,000 ಮೀಟರು ಎತ್ತರದ ಮೋಡವು 1,600 ಮೀಟರಿನಲ್ಲಿರುವಂತೆ ತೋರುವುದು. ಮನೆಯ ಅಂಗಳದ ಎರಡು ತುದಿಗಳಲ್ಲಿ ನಿಂತು ಮಾಡಿದ ಅಳತೆಯು ಇದರಿಂದಲೇ ಕೆಲಸಕ್ಕೆ ಬಾರದು. ಎರಡನೆಯದು, ಹೊತ್ತು. ಮೋಡವು ಸೆಕೆಂಡಿಗೆ 10 ಮೀಟರು ಚಲಿಸುತ್ತಿದ್ದರೆ 10 ಸೆಕೆಂಡು ತಡವಾದಲ್ಲಿ 100 ಮೀಟರು ಮುಂದಕ್ಕೆ ಹೋಗಿರುವುದು. ಆದುದರಿಂದ ಇಬ್ಬರೂ ಒಂದೇ ಕ್ಷಣದಲ್ಲಿ ನೋಡತಕ್ಕದ್ದು. ಮೂರನೆಯದು, ಫೋನಿನ ಮಟ್ಟ. ಕಲ್ಲುಕೆಲಸದವರು ಉಪಯೋಗಿಸುವ ನೀರಿನ ಕೊಳವೆಯಿಂದ ಗೋಡೆಯ ಮೇಲೆ ಮಟ್ಟದ ಗೆರೆಯನ್ನು ಗುರುತುಮಾಡಿ, ಫೋನನ್ನು ಅದರ ನೇರಕ್ಕೆ ಹಿಡಿದಾಗ ಸೊನ್ನೆಯನ್ನು ತೋರಿಸುವುದೇ ಎಂದು ಮೊದಲೇ ಪರೀಕ್ಷಿಸಬೇಕು. ಸೂರ್ಯನ ಸಮೀಪದ ಮೋಡವನ್ನು ಎಂದಿಗೂ ಆರಿಸಕೂಡದು, ಕಣ್ಣಿಗೆ ಅಪಾಯ.

ಮೂರನೆಯ ಕ್ರಮ: ಮೋಡದ ನೆರಳಿನಿಂದ

ಹೊಲಗಳ ಮೇಲೆ ಮೋಡದ ನೆರಳು ಓಡುವುದನ್ನು ರೈತರು ದಿನವೂ ಕಾಣುವರು. ಸೂರ್ಯನು ಬಹು ದೂರದಲ್ಲಿರುವುದರಿಂದ ನೆರಳಿನ ವೇಗವೂ ಮೋಡದ ವೇಗವೂ ಒಂದೇ. ನೆರಳು ಸಾಗುವ ದಿಕ್ಕಿನಲ್ಲಿಯೇ ಇರುವ ರಸ್ತೆಯಲ್ಲಿ, ದೂರವನ್ನು ಅಳೆದ ಎರಡು ಮರಗಳ ಬಳಿ ಇಬ್ಬರು ನಿಂತು, ನೆರಳಿನ ಅಂಚು ಒಂದು ಮರದಿಂದ ಮತ್ತೊಂದಕ್ಕೆ ಬರುವ ಹೊತ್ತನ್ನು ಫೋನಿನ ಗಡಿಯಾರದಿಂದ ಎಣಿಸಬೇಕು. ದೂರವು 600 ಮೀಟರು, ಹೊತ್ತು 60 ಸೆಕೆಂಡು ಆದರೆ ಮೋಡದ ವೇಗವು ಸೆಕೆಂಡಿಗೆ 10 ಮೀಟರು.

ತರುವಾಯ 2 ಮೀಟರು ಎತ್ತರದ ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಗೆ 2 ಮೀಟರು ಉದ್ದದ ಅಡ್ಡ ಕೋಲನ್ನು ಮೋಡವು ಸಾಗುವ ದಿಕ್ಕಿಗೆ ಚಾಚುವಂತೆ ಕಟ್ಟತಕ್ಕದ್ದು. ಒಬ್ಬನು ಕಂಬದ ಬುಡಕ್ಕೆ ಕಣ್ಣಿಟ್ಟು ಮಲಗಿ, ಮೋಡದ ಒಂದು ಗುರುತು ಕಂಬದ ತಲೆಯ ನೇರಕ್ಕೆ ಬಂದಾಗಿನಿಂದ ಅಡ್ಡ ಕೋಲಿನ ತುದಿಯ ನೇರಕ್ಕೆ ಬರುವವರೆಗೆ ಎಷ್ಟು ಸೆಕೆಂಡಾಯಿತೆಂದು ಎಣಿಸಬೇಕು. ಕಂಬ ಮತ್ತು ಕೋಲು ಸಮನಾಗಿರುವುದರಿಂದ, ಆ ಹೊತ್ತಿನಲ್ಲಿ ಮೋಡವು ತನ್ನ ಎತ್ತರದಷ್ಟೇ ದೂರವನ್ನು ಅಡ್ಡಲಾಗಿ ಸಾಗಿರುವುದು. 105 ಸೆಕೆಂಡಾದರೆ ಎತ್ತರವು 105 × 10, ಎಂದರೆ 1,050 ಮೀಟರು. ಗುಡ್ಡೆ ಮೋಡಗಳು ಕೆಲವು ನಿಮಿಷಗಳಲ್ಲಿಯೇ ಆಕಾರ ಬದಲಾಯಿಸುವುದರಿಂದ ಈ ಎಣಿಕೆಯನ್ನು ಮೂರು ಸಲ ಮಾಡಿ ಸರಾಸರಿಯನ್ನು ತೆಗೆದುಕೊಳ್ಳುವುದು ಒಳ್ಳೆಯದು.

ಬೆಟ್ಟದ ಸಮೀಪದ ಊರುಗಳು

ಬೆಟ್ಟವು ಕಣ್ಣಿಗೆ ಕಾಣುವ ಊರಿನವರಿಗೆ ದೇವರು ಕೊಟ್ಟ ಅಳತೆಗೋಲೇ ಇದೆ. ನಂದಿ ಬೆಟ್ಟವು ಸಮುದ್ರಮಟ್ಟದಿಂದ 1,478 ಮೀಟರು. ಚಿಕ್ಕಬಳ್ಳಾಪುರವು ಸುಮಾರು 915 ಮೀಟರು. ಮೋಡವು ಬೆಟ್ಟದ ತಲೆಯನ್ನು ಮುಚ್ಚಿದ್ದರೆ ಅಲ್ಲಿ ಅದರ ತಳವು ಚಿಕ್ಕಬಳ್ಳಾಪುರದ ನೆಲದಿಂದ 560 ಮೀಟರಿಗಿಂತ ಕೆಳಗಿದೆ ಎಂದರ್ಥ. ಹಾಗೆಯೇ ಚಾಮುಂಡಿ ಬೆಟ್ಟವು ಮೈಸೂರು ನಗರಕ್ಕಿಂತ ಸುಮಾರು 300 ಮೀಟರು ಎತ್ತರವಾಗಿದೆ. ಆದರೆ ಗಾಳಿಯು ಬೆಟ್ಟಕ್ಕೆ ತಗಲಿ ಬಲವಂತವಾಗಿ ಏರುವಾಗ ಬೆಟ್ಟದ ಮೇಲೆ ಮಾತ್ರ ಮೋಡ ಕಟ್ಟುವುದುಂಟು; ಬಯಲಿನ ಮೇಲಿನ ಮೋಡವೂ ಅದೇ ಮಟ್ಟದಲ್ಲಿದೆಯೇ ಎಂಬುದನ್ನು ಸಹ ನೋಡತಕ್ಕದ್ದು. ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ಹೋಗುವವರು, ಮಂಜು ಪ್ರಾರಂಭವಾದ ತಿರುವಿನ ಎತ್ತರವನ್ನು ಫೋನಿನಲ್ಲಿ ನೋಡಿ ಬರೆದುಕೊಂಡರೆ ಅದೇ ಅಲ್ಲಿನ ಮೋಡದ ತಳ.

ಉಪಯೋಗಿಸಬಾರದ ಸಾಧನಗಳು

ಮನೆ ಅಳೆಯಲು ಉಪಯೋಗಿಸುವ ಲೇಸರ್ ಅಳತೆಗಾರವು ಸಾಧಾರಣವಾಗಿ ಕೆಲವು ಹತ್ತು ಮೀಟರು ದೂರಕ್ಕೆ ಮಾತ್ರ ಸಲ್ಲುವುದು, ಮೋಡಕ್ಕೆ ಮುಟ್ಟದು. ಪ್ರಬಲವಾದ ಲೇಸರ್ ದೀಪವನ್ನು ಆಕಾಶಕ್ಕೆ ಹಿಡಿಯುವುದು ವಿಮಾನ ನಡೆಸುವವರ ಕಣ್ಣಿಗೆ ಅಪಾಯಕರವಾದುದರಿಂದ ಎಂದಿಗೂ ಮಾಡಕೂಡದು. ವಿಮಾನ ನಿಲ್ದಾಣಗಳಲ್ಲಿ ಮೋಡದ ಎತ್ತರವನ್ನು ಲೇಸರಿನಿಂದ ಅಳೆಯುವ ಯಂತ್ರಗಳಿದ್ದರೂ ಅವುಗಳ ರೀತಿಯೇ ಬೇರೆ. ಮೈಮುಟ್ಟದೆ ಜ್ವರ ನೋಡುವ ಉಷ್ಣಮಾಪಕವನ್ನು ಮೋಡದ ಕಡೆಗೆ ಹಿಡಿಯುವುದೂ ವ್ಯರ್ಥ. ಅದು ಮನುಷ್ಯನ ಮೈಯ ಉಷ್ಣತೆಯ ಸುತ್ತಮುತ್ತಲಿನ ಅಂಕಿಗಳಿಗೆ ಮಾತ್ರ ಮಾಡಿದುದು.

ಎತ್ತರವನ್ನು ತಿಳಿದು ಮಾಡತಕ್ಕುದೇನು

ಮೋಡದ ತಳವು ಇಷ್ಟು ಮೀಟರಿನಲ್ಲಿದ್ದರೆ ಮಳೆ ಬಂದೇ ಬರುವುದೆಂದು ಹೇಳುವಂತಿಲ್ಲ. ಮಳೆಯು ಮೋಡದ ದಪ್ಪವನ್ನು ಅವಲಂಬಿಸಿರುವುದು. ಮೋಡದ ತಲೆಯು ಹೂಕೋಸಿನಂತೆ ಮೇಲಮೇಲಕ್ಕೆ ಉಕ್ಕುತ್ತಿದೆಯೇ, ಅಥವಾ ಚಪ್ಪಟೆಯಾಗಿಯೇ ನಿಂತಿದೆಯೇ ಎಂಬುದನ್ನು ನೋಡಿ ಮಳೆಯನ್ನು ಊಹಿಸಬೇಕು. ತಳದ ಎತ್ತರವು ತಿಳಿಸುವುದು ಮೋಡಕ್ಕೂ ನೆಲಕ್ಕೂ ನಡುವೆ ಇರುವ ಹವೆಯ ಸ್ಥಿತಿಯನ್ನು. ಇದು ಅಲ್ಪ ಸಂಗತಿಯಲ್ಲ.

ಬೇಸಗೆಯ ಮಳೆಗಳ ಕಾಲ. ಭರಣಿ, ಕೃತ್ತಿಕೆಯ ದಿನಗಳಲ್ಲಿ ಉಷ್ಣತೆಯು 36 ಡಿಗ್ರಿ, ತೇವವು ಶೇಕಡಾ 25 ಇದ್ದರೆ ತಳವು ಸುಮಾರು 2,900 ಮೀಟರಿನಲ್ಲಿರುವುದು. ಅಷ್ಟು ಮೇಲಿನಿಂದ ಬೀಳುವ ಹನಿಗಳಲ್ಲಿ ಬಹುಪಾಲು ಒಣ ಹವೆಯಲ್ಲಿ ದಾರಿಯಲ್ಲಿಯೇ ಆರಿಹೋಗಬಹುದು. ಹಾಗೆ ಆರುವಾಗ ಹವೆಯು ತಂಪಾಗಿ, ಭಾರವಾಗಿ, ರಭಸದಿಂದ ಕೆಳಕ್ಕೆ ಬಿದ್ದು ನೆಲದ ಮೇಲೆ ಬಿರುಗಾಳಿಯಾಗಿ ಹರಡುವುದು. ಮೋಡವು ಎತ್ತರವಾಗಿ ಉಕ್ಕಿದ್ದು, ತಳವೂ ಬಹು ಮೇಲಿದ್ದರೆ ಮಳೆಗಿಂತ ಮುಂಚೆ ಗಾಳಿಯನ್ನು ನಿರೀಕ್ಷಿಸತಕ್ಕದ್ದು. ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡುವುದು, ಕೊಟ್ಟಿಗೆಯ ತಗಡುಗಳನ್ನು ಬಿಗಿಮಾಡುವುದು, ಹುಲ್ಲಿನ ಬಣವೆಗೆ ಹಗ್ಗ ಹಾಕುವುದು ಇವು ಆ ದಿನಗಳ ಕೆಲಸಗಳು.

ಮುಂಗಾರಿನ ಕಾಲ. ಆರಿದ್ರೆ, ಪುನರ್ವಸುವಿನಲ್ಲಿ ಉಷ್ಣತೆಯು 24 ಡಿಗ್ರಿ, ತೇವವು ಶೇಕಡಾ 85 ಆದರೆ ತಳವು ಸುಮಾರು 335 ಮೀಟರು ಮಾತ್ರ. ಇಂಥಾ ಕಾಲದಲ್ಲಿ ತೆಳುವಾದ ಮೋಡದಿಂದ ಬಿದ್ದ ತುಂತುರೂ ನೆಲವನ್ನು ಮುಟ್ಟುವುದು; ಎಲೆಯ ಮೇಲಿನ ತೇವವು ಆರುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಮೈಸೂರು ವ್ಯವಸಾಯ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿನಲ್ಲಿ ಬಳಕೆಗೆ ತಂದಂದಿನಿಂದಲೂ, ದ್ರಾವಣವು ಗೊನೆಯ ಮೇಲೆ ಒಣಗಿ ಅಂಟಿಕೊಳ್ಳಲು ಬಿಡುವು ಬೇಕೆಂಬುದು ತೋಟದವರಿಗೆಲ್ಲಾ ಗೊತ್ತಿರುವ ಸಂಗತಿ. ತಳವು ಬೆಳಗಿನಿಂದ ಮಧ್ಯಾಹ್ನಕ್ಕೆ ಏರುತ್ತಿದ್ದರೆ ಕೆಳಗಿನ ಹವೆಯು ಒಣಗುತ್ತಿದೆ. ಏರದೆ ಅಲ್ಲಿಯೇ ನಿಂತಿದ್ದರೆ ಆ ದಿನ ಒಣಗುವ ಭರವಸೆಯಿಲ್ಲ.

ಕುಯ್ಲಿನ ಕಾಲ. ಸ್ವಾತಿಯ ತರುವಾಯ ಒಂದೇ ದಿನದ ಅಂಕಿಗಿಂತ ನಾಲ್ಕೈದು ದಿನಗಳ ಅಂಕಿಗಳ ಓಟವು ಮುಖ್ಯ. ಮಧ್ಯಾಹ್ನ 2 ಗಂಟೆಯ ಎತ್ತರವು ದಿನದಿಂದ ದಿನಕ್ಕೆ 900, 1,100, 1,300 ಎಂದು ಏರುತ್ತಿದ್ದರೆ ಹವೆಯು ಒಣಗುತ್ತಿದೆ. ಕುಯ್ದ ಪೈರು ಹೊಲದಲ್ಲಿ ಚೆನ್ನಾಗಿ ಒಣಗುವುದು. ಅದೇ ಅಂಕಿಗಳು 1,300ರಿಂದ 900ಕ್ಕೆ, 600ಕ್ಕೆ ಇಳಿಯುತ್ತಾ ಬಂದರೆ ತೇವವಾದ ಹವೆಯು ನುಗ್ಗುತ್ತಿದೆ. ಆಗ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ತಡಮಾಡದೆ ನೋಡಿ, ಉಳಿದ ಕುಯ್ಲನ್ನು ನಿಲ್ಲಿಸಿ, ಒಣಗಿದ ಪೈರನ್ನು ಸಾಗಿಸಿ ಮುಚ್ಚುವ ಏರ್ಪಾಡನ್ನು ಮಾಡುವುದು ವಿವೇಕ.

ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಬಂದಾಗ ಬೇಸರಪಡಬಾರದು. ತೇವದ ಮಾಪಕದ ಲೆಕ್ಕವು 1,000 ಮೀಟರೆಂದು ಹೇಳಿ, ಏರಿಯ ಮೇಲಿನ ಅಳತೆಯು 2,500 ಮೀಟರೆಂದು ಹೇಳಿದರೆ, ಆ ಮೋಡವು ಊರಿನ ನೆಲದಿಂದ ಎದ್ದುದಲ್ಲ, ಬೇರೆ ಕಡೆಯಿಂದ ಮೇಲಿನ ಗಾಳಿಯಲ್ಲಿ ತೇಲಿ ಬಂದುದು ಎಂದು ತಿಳಿಯತಕ್ಕದ್ದು. ಎರಡೂ 150-200 ಮೀಟರಿನೊಳಗೆ ಹೊಂದಿದರೆ ಮೋಡವು ಆ ಸೀಮೆಯದೇ, ಸಾಧನಗಳೂ ಸರಿಯಾಗಿವೆ.

ಸಿಡಿಲಿನ ವಿಷಯದಲ್ಲಿ ಎಚ್ಚರಿಕೆ

ಅಳತೆಯ ಉತ್ಸಾಹದಲ್ಲಿ ಪ್ರಾಣಕ್ಕೆ ಅಪಾಯ ತಂದುಕೊಳ್ಳಬಾರದು. ಕೆರೆಯ ಏರಿಯೂ ಬಯಲೂ ಸಿಡಿಲಿಗೆ ಸಿಕ್ಕುವ ಸ್ಥಳಗಳು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಮಿಂಚಿನ ದೂರವು ಕಿಲೋಮೀಟರಿನಲ್ಲಿ ಬರುವುದು. ಎಣಿಕೆಯು 30 ಸೆಕೆಂಡಿಗೆ ಇಳಿದರೆ ಮಿಂಚು 10 ಕಿಲೋಮೀಟರಿನಲ್ಲಿದೆ. ಮುಂದಿನದು ತಲೆಯ ಮೇಲೆಯೇ ಬೀಳಬಹುದು. ಮೋಡದ ತಳವು ಎಷ್ಟೇ ಮೇಲಿದ್ದರೂ ಈ ಅಪಾಯವು ಕಡಮೆಯೆಂದು ಭಾವಿಸಕೂಡದು. ಗುಡುಗು ಕೇಳಿದ ಕೂಡಲೆ ಅಳತೆಯನ್ನೂ ಹೊಲದ ಕೆಲಸವನ್ನೂ ನಿಲ್ಲಿಸಿ, ಆಳುಗಳನ್ನೂ ದನ ಕಾಯುವ ಮಕ್ಕಳನ್ನೂ ಗಟ್ಟಿ ಕಟ್ಟಡದೊಳಕ್ಕೆ ಕರೆಯತಕ್ಕದ್ದು. ಒಂಟಿ ಮರದ ಅಡಿ, ತಂತಿ ಬೇಲಿ, ನೀರು, ಪಂಪ್‌ಸೆಟ್ಟಿನ ಕಬ್ಬಿಣದ ಕೊಳವೆ ಇವುಗಳಿಂದ ದೂರವಿರಬೇಕು. ಕೊನೆಯ ಗುಡುಗಿನ ತರುವಾಯ 30 ನಿಮಿಷ ಕಾಯದೆ ಹೊರಡಕೂಡದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ಸಿದ್ಧಪಡಿಸಿದ ದಾಮಿನಿ ಎಂಬ ಮೊಬೈಲ್ ಸಾಧನವು ಸಮೀಪದ ಮಿಂಚನ್ನು ಕುರಿತು ಎಚ್ಚರಿಸುವುದು. ಜಮೀನುದಾರರು ಅದನ್ನು ತಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದು, ಹೊಲದಲ್ಲಿರುವವರಿಗೆ ಹೇಳಿಕಳುಹಿಸುವ ಜವಾಬ್ದಾರಿಯನ್ನು ವಹಿಸಿಕೊಳ್ಳುವುದು ಉಚಿತ.

ಪುಸ್ತಕದಲ್ಲಿ ಬರೆದಿಡುವ ಕ್ರಮ

ಒಂದು ದಿನದ ಅಳತೆಯು ಕುತೂಹಲ. ಒಂದು ವರ್ಷದ ಅಳತೆಯು ಆಸ್ತಿ. ಊರಿನ ಮುಖಂಡರು ಒಂದು ಗಟ್ಟಿ ಪುಸ್ತಕವನ್ನು ಮಾಡಿಸಿ, ಮಧ್ಯಾಹ್ನ 2 ಗಂಟೆಗೆ ಸರಿಯಾಗಿ ತಾರೀಖು, ಉಷ್ಣತೆ, ತೇವ, ಲೆಕ್ಕದ ಎತ್ತರ, ಅಳೆದಿದ್ದರೆ ಅಳತೆಯ ಎತ್ತರ, ಮೋಡದ ಜಾತಿ, ಗಾಳಿಯ ದಿಕ್ಕು ಇವನ್ನು ಬರೆಯಿಸತಕ್ಕದ್ದು. ಮರುದಿನ ಬೆಳಗ್ಗೆ 8-30 ಗಂಟೆಗೆ ಮಳೆಯ ಮಾಪಕವನ್ನು ನೋಡಿ ಬಿದ್ದ ಮಳೆಯನ್ನು ಮಿಲಿಮೀಟರಿನಲ್ಲಿ ಅದೇ ಸಾಲಿಗೆ ಸೇರಿಸಬೇಕು. ಹವಾಮಾನ ಇಲಾಖೆಯವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹೊತ್ತೂ ಅದೇ. ಶಾಲೆಯ ಉಪಾಧ್ಯಾಯರೂ ಮೇಲಿನ ತರಗತಿಯ ಮಕ್ಕಳೂ ಈ ಕೆಲಸವನ್ನು ಸಂತೋಷದಿಂದ ಮಾಡುವರು. ಕೋನ, ಸರಾಸರಿ, ಪ್ರಮಾಣದ ನಕ್ಷೆ ಇವುಗಳ ಪಾಠವೂ ಅವರಿಗೆ ಆದಂತಾಗುವುದು.

ಸರ್ಕಾರದ ಮುನ್ಸೂಚನೆಗಳಿಗೆ ಬದಲಾಗಿ ಇದನ್ನು ಹೇಳಿದುದಲ್ಲ. ಮುನ್ಸೂಚನೆಯು ಸಾಮಾನ್ಯವಾಗಿ ಒಂದು ಪ್ರದೇಶಕ್ಕೆ ಸಂಬಂಧಿಸಿದುದು. ಮೋಡವು ಬಂದು ನಿಲ್ಲುವುದು ಒಂದು ಊರಿನ ಮೇಲೆ. ಮುನ್ಸೂಚನೆಯನ್ನೂ ಊರಿನ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾವ ತಿಂಗಳಲ್ಲಿ ಎಷ್ಟು ಎತ್ತರದ ಮೋಡವು ಆ ಊರಿಗೆ ಮಳೆ ತಂದಿತು, ಯಾವುದು ಬರಿಯ ಗಾಳಿ ತಂದಿತು ಎಂಬುದು ಎರಡು ಮೂರು ವರ್ಷಗಳಲ್ಲಿ ತಿಳಿದುಬರುವುದು. ಹಾಗೆ ತಿಳಿದ ಊರಿನಲ್ಲಿ “ಮೋಡ ಇಳಿದಿದೆ” ಎಂದು ಒಬ್ಬರು ಹೇಳಿದಾಗ “ಎಷ್ಟು ಮೀಟರಿಗೆ?” ಎಂದು ಮತ್ತೊಬ್ಬರು ಕೇಳುವರು, ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಪೈರಿಗೆ ಕುಡುಗೋಲು ಹಾಕುವರು.